ಇನ್ಸ್‌ಪೆಕ್ಟರ್ ಕಳಿಸಿದ ಇಲಿಬೋನು

ನನ್ನ ಅಕ್ಕನ ಕಾದಂಬರಿಗಳಲ್ಲಿ ಅಧ್ಯಾಯಗಳು ಯಾಕಿಷ್ಟು ಚಿಕ್ಕವು ಎಂದು ಓದಿದವರು ಏನೇನೋ ಕಾರಣ ಹೇಳುತ್ತಾರೆ. ನನ್ನನ್ನು ಕೇಳಿದರೆ, ಎಲ್ಲ ನನ್ನ ಮಂಡಿನೋವಿನ ಪ್ರಸಾದ. ಅವಳು ಬರೆಯುವಷ್ಟು ಹೊತ್ತೂ ಹೊಲಿಗೆ ಮೆಷಿನ್ ತುಳಿದವಳು ನಾನು.

ಸರ್ಕಾರಕ್ಕೆ ಹಿಡಿಸದ್ದನ್ನು ಬರೆದವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದ ಕಾಲ ಅದು. ಅಕ್ಕನ ಮೊದಲ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡ ದಿನವೇ ಅವಳನ್ನು ಅಟ್ಟಕ್ಕೆ ಹತ್ತಿಸಿ, ಊರು ಬಿಟ್ಟು ಹೋದಳು ಎಂದು ಸುದ್ದಿ ಹಬ್ಬಿಸಿದೆ. ಸುಮ್ಮನೆ ಕೂರುವ ಪೈಕಿಯೇ ಅವಳು? ಟೈಪ್‌ರೈಟರನ್ನೂ ಮೇಲಕ್ಕೆ ಸಾಗಿಸಿಕೊಂಡಳು. ಅದರ ಟಕಟಕ ಹೊರಗೆ ಕೇಳದಂತೆ ಮುಚ್ಚಲು ನನ್ನ ಹೊಲಿಗೆ ಮೆಷಿನ್ನಿನ ಸದ್ದೊಂದೇ ಗತಿ. ಕೆಳಗಿನ ಮಾತು ಅಟ್ಟಕ್ಕೆ ಕೇಳಿಸುತ್ತಿರಲಿಲ್ಲ. ಮೆಷಿನ್ನಿನ ಗಡಗಡ ಮಾತ್ರ ಮುಟ್ಟುತ್ತಿತ್ತು. ಅದಕ್ಕೇ ನಮ್ಮ ಕರಾರು: ನಾನು ತುಳಿದರೆ ಅವಳು ಬರೆಯಬೇಕು, ನಿಲ್ಲಿಸಿದರೆ ನಿಲ್ಲಿಸಬೇಕು. ಆದರೆ ಅವಳಿಗೊಂದು ಚಾಳಿ. ಮೆಷಿನ್ ನಿಂತ ಮೇಲೂ ಸಾಲು ಮುಗಿಸಲೆಂದು ನಾಲ್ಕು ಅಕ್ಷರ ಒತ್ತಿಬಿಡುತ್ತಿದ್ದಳು. ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದ. ಪುಣ್ಯಕ್ಕೆ ನಾನಾಗ ಗುಂಡಿ ಹಾಕುತ್ತಿದ್ದೆ, ಮೆಷಿನ್ ನಿಂತಿತ್ತು. ಅಕ್ಕ ಎಲ್ಲಿ ಎಂದು ಕೇಳಿದ; ಕಲಿತ ಪಾಠ ಒಪ್ಪಿಸಿದೆ. ಕೋಣೆ ಕೋಣೆ ಇಣುಕಿದ. ಹೊರಡುವಾಗ ಅವನ ಕೋಟಿನ ತೋಳು ಬಾಗಿಲ ಚಿಲಕಕ್ಕೆ ಸಿಕ್ಕಿ ಪರ್ ಎಂದು ಹರಿಯಿತು. ಕೋಟು ಬಿಚ್ಚಿ ನನ್ನ ಮುಂದೆ ಹಾಕಿ ಸ್ಟೂಲಿನ ಮೇಲೆ ಕೂತ.

"ಕೈಯಲ್ಲೇ ಹೊಲ್ದು ಕೊಡ್ತೀನಿ ಸಾರ್," ಎಂದೆ.

"ಮೆಷಿನ್ ಇದೆಯಲ್ಲಮ್ಮ."

ತುಳಿದರೆ ಅಕ್ಕ ಬರೆಯುತ್ತಾಳೆ. ತುಳಿಯದಿದ್ದರೆ ಇವನಿಗೆ ಅನುಮಾನ. ತುಳಿದೆ. ಹರಿದದ್ದು ಗೇಣುದ್ದವಷ್ಟೇ, ಆದರೆ ನಿಲ್ಲಿಸುವುದಕ್ಕೆ ಭಯ. ಹೊಲಿಗೆಯ ಮೇಲೆ ಹೊಲಿಗೆ ಹಾಕುತ್ತಲೇ ಹೋದೆ. ಆ ತೋಳು ಇವತ್ತಿಗೂ ಹರಿದಿರಲಾರದು.

"ಸಾಕು ಬಿಡಮ್ಮ," ಎಂದ.

ನಿಲ್ಲಿಸಿದೆ. ಮೇಲೆ ಟಕ್, ಟಕ್, ಟಕ್.

ಅವನು ತಲೆಯೆತ್ತಿ ನೋಡಿದ. ನಿಧಾನವಾಗಿ ಕೋಟು ತೊಟ್ಟು, ಒಂದೊಂದೇ ಗುಂಡಿ ಹಾಕಿಕೊಂಡ.

"ಇಲಿ ಸೇರ್ಕೊಂಡಿರೋ ಹಾಗಿದೆ. ನಾಳೆ ಬೋನು ಕಳಿಸ್ತೀನಿ."

ಅಕ್ಕನನ್ನು ಬೇರೆಡೆ ಸಾಗಿಸೋಣವೆಂದರೆ ಬೀದಿಯ ಎರಡೂ ತುದಿಗೆ ಪೊಲೀಸರು. ಅವಳ ಬಟ್ಟೆಯ ಗಂಟು ಕಟ್ಟಿಟ್ಟು, ಇಬ್ಬರೂ ಕೈ ಹಿಡಿದುಕೊಂಡು ಕೂತೆವು. ಬೆಳಗ್ಗೆ ಬಾಗಿಲು ಬಡಿದ ಸದ್ದಿಗೆ ಅಕ್ಕ ತಾನೇ ಎದ್ದು ಹೊರಟಳು. ಹಿಡಿದು ಕೂರಿಸಿ ನಾನು ಹೋದೆ. ಕಾನ್‌ಸ್ಟೇಬಲ್ ನಿಂತಿದ್ದ, ಕೈಯಲ್ಲಿ ನಿಜವಾದ ಇಲಿಬೋನು. ಕೊಟ್ಟು ಹೋದ. ಮತ್ತೆ ಯಾರೂ ಬರಲಿಲ್ಲ.

ಅವನು ಉಳಿಸಿದನೋ, ಆಟ ಆಡಿಸಿದನೋ, ನಮಗೆ ತಿಳಿಯಲೇ ಇಲ್ಲ. ಆ ಸರ್ಕಾರ ಬಿದ್ದ ಮೇಲೆ ಅಕ್ಕ ಬರೆದ ಪ್ರತಿ ಕಾದಂಬರಿಯಲ್ಲೂ ಅಂಥವನೊಬ್ಬ ಬರುತ್ತಾನೆ, ಎಲ್ಲ ಗೊತ್ತಿದ್ದೂ ಸುಮ್ಮನೆ ಎದ್ದು ಹೋಗುತ್ತಾನೆ. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಓದುಗರು ಕೇಳಿದರೆ ಅಕ್ಕ ನನ್ನ ಮುಖ ನೋಡುತ್ತಿದ್ದಳು.

ಅಕ್ಕ ಈಗಿಲ್ಲ. ಬೋನು ಮಾತ್ರ ಮೆಷಿನ್ನಿನ ಕೆಳಗೇ ಇದೆ. ಎಸೆಯಮ್ಮ ಎಂದು ಮಗಳು ದಿನಾ ರೇಗುತ್ತಾಳೆ. ಹೇಗೆ ಎಸೆಯಲಿ? ಅವನು ಬಂದು ವಾಪಸ್ ಕೇಳಿದರೆ ಕೊಡಬೇಕಲ್ಲ.