ಬಾಯಿಮಾತು ಸಾಲದೆಂದ ವರ್ಡಾ

ವರ್ಡಾ ಪೆನ್ನರ್ ಸುಳ್ಳು ಹೇಳುವವಳಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವಳ ಪಕ್ಕದ ಮೇಜಿನಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಹೊಸ ಉಡುಪು ತೊಟ್ಟು "ಹೇಗಿದೆಯೇ?" ಎಂದು ಕೇಳಿದರೆ "ಹೊಟ್ಟೆ ಕಾಣುತ್ತೆ" ಎನ್ನುವವಳ ಜೊತೆ ಏಗುವುದೆಂದರೆ ಏನೆಂದು ನನ್ನನ್ನು ಕೇಳಿ.

ನಮ್ಮದು ಕ್ಯಾನ್ಸಸ್‌ನ ಗೋಧಿ ಸೀಮೆಯ ಸಣ್ಣ ಟಿವಿ ಸ್ಟೇಷನ್. ಯಾವ ಜಾಹೀರಾತು ಎಷ್ಟು ಹೊತ್ತಿಗೆ ಎಂದು ಬರೆಯುವುದು ನನ್ನ ಕೆಲಸ. ವರ್ಡಾ ಮ್ಯಾನೇಜರರ ಪತ್ರವ್ಯವಹಾರ ನೋಡುತ್ತಿದ್ದಳು, ಅದರ ಜೊತೆಗೆ ಸಾರ್ವಜನಿಕ ಕಡತವನ್ನೂ. ಸರ್ಕಾರ ಕೊಟ್ಟ ಪರವಾನಗಿ ಉಳಿಯಬೇಕಾದರೆ ಪ್ರೇಕ್ಷಕರು ಬರೆದ ಪತ್ರಗಳನ್ನೆಲ್ಲ ಮೂರು ವರ್ಷ ಜೋಪಾನ ಮಾಡಬೇಕು. ಕಚೇರಿ ತೆರೆದಿರುವಾಗ ಯಾವ ದಾರಿಹೋಕ ಬಂದು ಕೇಳಿದರೂ ತೋರಿಸಬೇಕು, ಯಾಕೆ ಎಂದು ಕೇಳುವಂತಿಲ್ಲ, ನಕಲು ಬೇಕೆಂದರೆ ಮಾಡಿಕೊಡಬೇಕು. ನನ್ನದನ್ನು ಯಾರಿಗೂ ತೋರಿಸಬೇಡಿ ಎಂದು ಬರೆದವರೇ ಕೇಳಿಕೊಂಡರೆ ಮಾತ್ರ ಅದನ್ನು ಹೊರಗಿಡಬಹುದು. ಆ ಕೋರಿಕೆ ಬರಹದಲ್ಲೇ ಇರಬೇಕು ಎಂದು ನಿಯಮದಲ್ಲಿ ಎಲ್ಲಿತ್ತೋ, ನಾನಂತೂ ಕಾಣೆ. ವರ್ಡಾಳ ಪ್ರಕಾರ ಇತ್ತು.

ಆ ಕಡತ ನೋಡಲು ಯಾರು ಬರುತ್ತಾರೆ ಹೇಳಿ! ಹವಾಮಾನ ಹೇಳುವವನ ಮೀಸೆ ಸರಿಯಿಲ್ಲ, ಫುಟ್‌ಬಾಲ್ ಪಂದ್ಯಕ್ಕಾಗಿ ನಮ್ಮ ಧಾರಾವಾಹಿ ಯಾಕೆ ನುಂಗಿದಿರಿ, ಇಂಥವೇ ಪತ್ರಗಳು. ಒಮ್ಮೆ ಚಳಿಗಾಲದಲ್ಲಿ ಒಬ್ಬ ಕುಡುಕ ಬೆಚ್ಚಗಿರಲೆಂದು ಬಂದು ಕಡತ ಕೇಳಿದ್ದ. ವರ್ಡಾ ಅವನಿಗೂ ಕುರ್ಚಿ ಹಾಕಿ, ಕಾಫಿ ಕೊಟ್ಟು, ಕಡತ ತೆರೆದಿಟ್ಟಳು. ಪುಣ್ಯಾತ್ಮ ಮೀಸೆಯ ಪತ್ರ ಓದುತ್ತಲೇ ಗೊರಕೆ ಹೊಡೆದ.

ವರ್ಡಾಳ ತಾಯಿ ಅಗಾಥಾ ನಮ್ಮೂರ ವೃದ್ಧಾಶ್ರಮದಲ್ಲಿದ್ದರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಅಲ್ಲಿ ಅವರಿಗೆ ಉಣಿಸಿ ತೊಳೆದು ಬಳಿದು ಮಾಡುತ್ತಿದ್ದವಳು ಓನಾ ಶ್ರಾಗ್. ವರ್ಡಾ, ಓನಾ ಇಬ್ಬರೂ ಒಂದೇ ಮೆನೊನೈಟ್ ಚರ್ಚಿನವರು. ಆ ಜನ ಕೋರ್ಟಿನಲ್ಲಿ ನಿಂತರೂ ಆಣೆ ಇಡುವುದಿಲ್ಲ. ಆಡಿದ ಮಾತೇ ಸಾಲದೇ, ಅದರ ಮೇಲೆ ಆಣೆ ಬೇರೆ ಯಾಕೆ ಎನ್ನುತ್ತಾರೆ. ಹೊಲ ಗೇಣಿಗೆ ಕೊಡುವುದೂ ಬಾಯಿಮಾತಿನಲ್ಲೇ. ನಾನು ಅವರ ಚರ್ಚಿನವಳಲ್ಲ, ಆದರೆ ಗುರುವಾರ ಅವರ ಹೆಂಗಸರು ಬಡವರಿಗೆಂದು ಕೌದಿ ಹೊಲಿಯುವಾಗ ನಾನೂ ಹೋಗಿ ಸೂಜಿ ಹಿಡಿಯುತ್ತಿದ್ದೆ. ನಿಜ ಹೇಳಬೇಕೆಂದರೆ ಅವರ ತಿಂಡಿಯ ಆಸೆಗೆ.

ಆ ವರ್ಷ ವಸಂತದಲ್ಲಿ ನಮ್ಮ ಸ್ಟೇಷನ್ ವೃದ್ಧಾಶ್ರಮದ ವಾರ್ಷಿಕೋತ್ಸವವನ್ನು ತೋರಿಸಿತು. ಬಲೂನು, ಕೇಕು, ಚಪ್ಪಾಳೆ ತಟ್ಟುವ ಮುದುಕರು. ಅದಾದ ಮೇಲೆ ಓನಾಳ ಪತ್ರ ಬಂತು. ನಿಮ್ಮ ಕ್ಯಾಮೆರಾ ಬಂದ ದಿನ ಒಂದು ಬಿಟ್ಟರೆ ಉಳಿದೆಲ್ಲ ದಿನ ಸಂಜೆ ಐದಕ್ಕೇ ಎಲ್ಲರನ್ನೂ ಹಾಸಿಗೆಗೆ ಹಾಕಿಬಿಡುತ್ತಾರೆ, ಹೊರಗೆ ಬಿಸಿಲು ಹೊಡೆಯುತ್ತಿರುತ್ತದೆ, ಉಣಿಸಲು ಜನವಿಲ್ಲದೆ ತಟ್ಟೆಗಳು ತುಂಬಿದಂತೆಯೇ ಅಡಿಗೆಮನೆಗೆ ವಾಪಸು ಹೋಗುತ್ತವೆ, ನಾನಿಲ್ಲದ ಹೊತ್ತಲ್ಲಿ ಬಲಗೈ ಆಡದ ಒಬ್ಬ ಅಜ್ಜಿಯ ಮುಂದೆ ತಟ್ಟೆ ಇಟ್ಟು ತಿರುಗಿ ನೋಡದೆ ಹೋಗುತ್ತಾರೆ, ಇದನ್ನೂ ತೋರಿಸಿ, ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿದ್ದಳು. ಆ ಅಜ್ಜಿ ಯಾರೆಂದು ನಮಗಿಬ್ಬರಿಗೂ ಗೊತ್ತು. ಓದುತ್ತಾ ವರ್ಡಾಳ ಕಿವಿ ಕೆಂಪಾಯಿತು.

ಗುರುವಾರ ಕೌದಿಯ ಸುತ್ತ ಕೂತಾಗ ಓನಾಳೇ ಮಾತು ತೆಗೆದಳು.

"ವರ್ಡಾ, ನಿಮ್ಮ ಸ್ಟೇಷನ್ನಿಗೆ ಒಂದು ಕಾಗದ ಹಾಕಿದ್ದೆ."

"ಬಂತು."

"ಅದನ್ನ ಆ ನಿನ್ನ ಬೀರೂಲಿ ಇಡ್ಬೇಡ ಕಣೇ. ಕಂಡೋರೆಲ್ಲ ಬಂದು ಓದಿದ್ರೆ ನನ್ ಕೆಲಸಕ್ಕೇ ಕುತ್ತು."

"ಕಾಗದದಲ್ಲಿ ಹಾಗಂತ ಬರೆದಿಲ್ವಲ್ಲ ನೀನು."

"ಈಗ ಹೇಳ್ತಾ ಇದೀನಲ್ಲ."

"ಹೇಳಿದ್ರೆ ಸಾಲ್ದು ಓನಾ. ಬರ್ದು ಕೊಡು."

ಓನಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಿನ್ನ! ಒಂದೇ ಕೌದಿಗೆ ಕೂತ್ಕೊಂಡು ಸೂಜಿ ಹಾಕ್ತಾ ಇದೀವಿ. ನಿಂಗೆ ಸ್ಟ್ಯಾಂಪ್ ಹಚ್ಚಿ ಅಂಚೇಲಿ ಕಳಿಸ್ಬೇಕಾ?"

ಎಲ್ಲರೂ ನಕ್ಕೆವು. ವರ್ಡಾ ಏನೂ ಹೇಳದೆ ತಲೆ ಬಗ್ಗಿಸಿ ಹೊಲಿಯುತ್ತಾ ಕೂತಳು. ಆ ಕೋಣೆಯಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ. ಓನಾ ಹಾಗೆಂದೇ ತಿಳಿದಳು, ನಾವೆಲ್ಲರೂ ಹಾಗೆಂದೇ ತಿಳಿದೆವು.

ವರ್ಡಾ ಮಾತ್ರ ಚೀಟಿಗಾಗಿ ಕಾದಳು. ಬರಲಿಲ್ಲ. ಒಂದು ಬೆಳಿಗ್ಗೆ ಪತ್ರಕ್ಕೆ ತೂತು ಹೊಡೆದು ಕಡತಕ್ಕೆ ಸೇರಿಸುತ್ತಿದ್ದಳು.

"ಅಲ್ವೇ, ಅವಳು ಬೇಡ ಅಂದಳಲ್ಲೇ!" ಎಂದೆ.

"ಬರ್ದು ಕೊಟ್ಟಿಲ್ಲ. ಕಡತ ಪೂರ್ತಿ ಇದೆ ಅಂತ ಸಹಿ ಹಾಕೋಳು ನಾನು. ಒಂದನ್ನ ತೆಗೆದಿಟ್ಟು ಪೂರ್ತಿ ಇದೆ ಅಂತ ಹೇಗೆ ಸಹಿ ಹಾಕ್ಲಿ?"

"ಹೋಗಿ ಇನ್ನೊಂದ್ಸಲ ಕೇಳು ಮಾರಾಯ್ತಿ. ಚೀಟಿ ತಾನೇ, ನಿಂತ ಕಾಲಲ್ಲಿ ಬರ್ದು ಕೊಡ್ತಾಳೆ."

"ಅದ್ರಲ್ಲಿ ನಮ್ಮಮ್ಮನ ವಿಷಯ ಇದೆ ಲೊರೇನ್. ನಾನೇ ಬೆನ್ನು ಹತ್ತಿ ಅಡಗಿಸಿದ್ರೆ ಸ್ವಂತಕ್ಕೆ ಮಾಡ್ದಂಗಾಗುತ್ತೆ."

ಸ್ವಂತಕ್ಕೆ ಅಂತೆ! ನನಗೆ ಮೈ ಉರಿಯಿತು. ಮೊಂಡುತನಕ್ಕೆ ನ್ಯಾಯದ ಬಟ್ಟೆ ತೊಡಿಸಿದರೆ ಅದರ ಎದುರು ಯಾರೂ ಗೆಲ್ಲಲಾರರು. ನಾನು ಜಾಹೀರಾತಿನ ಕಡೆ ತಿರುಗಿಕೊಂಡೆ.

ಅಷ್ಟರಲ್ಲಿ ನಮ್ಮ ಸುದ್ದಿ ವಿಭಾಗದ ಮಹಾನುಭಾವ ವೃದ್ಧಾಶ್ರಮಕ್ಕೆ ಫೋನು ಮಾಡಿ, "ಐದಕ್ಕೇ ಮಲಗಿಸ್ತೀರಂತೆ, ಪತ್ರ ಬಂದಿದೆ, ಹೌದಾ?" ಎಂದು ಕೇಳಿದ್ದ. ಹೆಸರು ಹೇಳಲಿಲ್ಲವಂತೆ, ದೊಡ್ಡ ಉಪಕಾರ. ಮರುದಿನವೇ ಅಲ್ಲಿನ ಮೇಲ್ವಿಚಾರಕಿ ಮಿಸೆಸ್ ಟ್ರೂಯೆಟ್ ನಮ್ಮ ಕಚೇರಿಗೆ ಬಂದರು.

"ಸಾರ್ವಜನಿಕ ಕಡತ ನೋಡ್ಬೇಕಿತ್ತು."

ವರ್ಡಾ ಎದ್ದು ಬೀರು ತೆರೆದಳು. ಕುರ್ಚಿ ಎಳೆದು ಕೊಟ್ಟಳು. ಮಿಸೆಸ್ ಟ್ರೂಯೆಟ್ ಕನ್ನಡಕ ಏರಿಸಿ ಒಂದೊಂದೇ ಹಾಳೆ ಮಗುಚಿದರು. ಒಂದು ಕಡೆ ಕೈ ನಿಂತಿತು. ನಿಧಾನವಾಗಿ ಓದಿದರು, ಮತ್ತೆ ಮೊದಲಿನಿಂದ ಓದಿದರು.

"ಇದರದ್ದೊಂದು ನಕಲು ಕೊಡ್ತೀರಾ?"

ವರ್ಡಾ ಹಾಳೆ ಹಿಡಿದು ಜೆರಾಕ್ಸ್ ಯಂತ್ರದ ಹತ್ತಿರ ಬಂದು ನಿಂತಳು. ಅವಳ ಮುಖ ಸುಣ್ಣದಂತಾಗಿತ್ತು. ನಾನು ಓಡಿಹೋಗಿ ಕಿವಿಯಲ್ಲಿ ಹೇಳಿದೆ, "ಕೆಟ್ಟಿದೆ ಅನ್ನು. ಯಂತ್ರ ಕೆಟ್ಟಿದೆ, ನಾಳೆ ಬನ್ನಿ ಅನ್ನು. ಅಷ್ಟರಲ್ಲಿ ಓನಾ ಹತ್ರ ಚೀಟಿ ಬರೆಸೋಣ."

ಅವಳು ಯಂತ್ರವನ್ನೇ ನೋಡುತ್ತಾ, "ಕೆಟ್ಟಿಲ್ವಲ್ಲ ಲೊರೇನ್" ಎಂದಳು.

ಮುಚ್ಚಳ ತೆಗೆದು, ಹಾಳೆಯನ್ನು ಓರೆಯಾಗದಂತೆ ಇಟ್ಟು, ಗುಂಡಿ ಒತ್ತಿದಳು. ನಕಲು ಸ್ಪಷ್ಟವಾಗಿ ಬಂತು.

ಓನಾಳನ್ನು ಆ ಶುಕ್ರವಾರವೇ ಮನೆಗೆ ಕಳಿಸಿದರು. ಆಶ್ರಮದ ಒಳಗಿನ ವಿಷಯ ಹೊರಗೆ ಹಾಕಿದಳು ಎಂಬುದು ಕಾರಣ. ಗಂಡ ಸತ್ತ ಹೆಂಗಸು, ಇನ್ನೊಂದು ಕೆಲಸ ಈ ಊರಲ್ಲಿ ಎಲ್ಲಿದೆ? ಐದಕ್ಕೇ ಮಲಗಿಸುವ ಸುದ್ದಿ ನಮ್ಮ ಟಿವಿಯಲ್ಲಿ ಬರಲೂ ಇಲ್ಲ. ಆಶ್ರಮದವರು ನಮಗೆ ಜಾಹೀರಾತು ಕೊಡುತ್ತಾರೆ, ವೇಳೆ ಬರೆಯುವವಳು ನಾನೇ, ನನಗೆ ಗೊತ್ತಿಲ್ಲವೇ. ಮೇಲಾಗಿ ಅದೇ ತಿಂಗಳು ಮ್ಯಾನೇಜರ್ ಎಲ್ಲರೆದುರು ವರ್ಡಾಳ ಬೆನ್ನು ತಟ್ಟಿದರು. "ನಮ್ಮ ಕಡತದಷ್ಟು ಅಚ್ಚುಕಟ್ಟಾದ ಕಡತ ಇಡೀ ರಾಜ್ಯದಲ್ಲಿಲ್ಲ." ಅವಳು ಬಾತ್‌ರೂಮಿಗೆ ಹೋದವಳು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ.

ಆಮೇಲೆ ಅವಳು ಕೌದಿಗೆ ಬರುವುದನ್ನು ಬಿಟ್ಟಳು. ಚರ್ಚಿನಲ್ಲಿ ಕೊನೆಯ ಬೆಂಚು ಹಿಡಿದಳು. ಕೆಲಸ ಮುಗಿಸಿ ತಾಯಿಯನ್ನು ನೋಡಲು ಹೋದರೆ ಅಗಾಥಾ ಆಗಲೇ ಹಾಸಿಗೆಯಲ್ಲಿ. ಜೂನ್ ತಿಂಗಳ ಬಿಸಿಲು ಪರದೆಯ ಸಂದಿಯಿಂದ ಮುಖದ ಮೇಲೆ. ಪಕ್ಕದಲ್ಲಿ ಮುಟ್ಟದ ಸೂಪು. ವರ್ಡಾ ತಣ್ಣಗಾದದ್ದನ್ನೇ ಉಣಿಸುತ್ತಿದ್ದಳು. ಮುದುಕಿ ಎರಡು ತುತ್ತಿಗೆ ಬಾಯಿ ಮುಚ್ಚಿ "ಓನಾ ಎಲ್ಲಿ?" ಎನ್ನುತ್ತಿದ್ದರು. ವರ್ಡಾ ಇನ್ನೊಂದು ಚಮಚ ತುಂಬುತ್ತಿದ್ದಳಂತೆ.

"ಏನು ಹೇಳ್ಲಿ ಲೊರೇನ್? ನಾನೇ ಕಳ್ಸಿದೆ ಅನ್ಲಾ?" ಎಂದು ನನ್ನನ್ನು ಕೇಳಿದಳು. "ನನ್ನ ಕೈಯಾರೆ ಮಾಡ್ದೆ. ಒತ್ತಿದ ಬೆರಳು ಇದೇ." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೈಯಬೇಕೆಂದು ನಾಲಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. "ಅವಳ ಕಾಲು ಹಿಡಿ, ನಡಿ" ಎಂದು ಕಾರು ತೆಗೆದೆ.

ಓನಾ ಹಿತ್ತಲಲ್ಲಿ ಬಟಾಣಿ ಬಿಡಿಸುತ್ತಿದ್ದಳು. ವರ್ಡಾ ತಾನು ಮನೆಯಲ್ಲಿ ಮಾಡಿ ತಂದ ಬನ್ನುಗಳ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ನಿಂತೇ ಇದ್ದಳು. ಯಾರೂ ಕೂರು ಎನ್ನಲಿಲ್ಲ.

"ತಪ್ಪಾಯ್ತು ಓನಾ."

"ಹೂಂ."

"ನೀನು ಬರ್ದು ಕೊಡ್ತೀಯ ಅಂತ ಕಾದೆ."

"ನಾನು ನಿಂಗೆ ಹೇಳಿದ್ದೆ ವರ್ಡಾ." ಓನಾಳ ದನಿ ಏರಿತು. "ಬಾಯಿ ಬಿಟ್ಟು ಹೇಳಿದ್ದೆ! ನಮ್ಮಪ್ಪ ನಿಮ್ಮಪ್ಪಂಗೆ ಹೊಲ ಕೊಟ್ಟಾಗ ಏನು ಬರೆಸಿಕೊಂಡಿದ್ರು? ಟ್ರೂಯೆಟ್ ಮೇಲೆ ನಂಗೆ ಸಿಟ್ಟಿಲ್ಲ. ಅವಳು ಪರಕೀಯಳು. ನೀನು?"

ಓನಾ ಇನ್ನೊಂದು ಹಿಡಿ ಬಟಾಣಿ ಎತ್ತಿಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಅಮ್ಮ ಊಟ ಮಾಡ್ತಿದಾರಾ?"

"ನಿನ್ನನ್ನೇ ಕೇಳ್ತಾರೆ."

"ನನ್ ಕೆಲ್ಸ ಹೋಯ್ತು ಅಂತ ಅವ್ರಿಗೆ ಹೇಳ್ಬೇಡ. ತನ್ನ ದೆಸೆಯಿಂದ ಹೋಯ್ತು ಅಂತ ಕೊರಗಿ ಕೊರಗಿ ಅನ್ನ ಬಿಟ್ಬಿಡ್ತಾರೆ. ತಂಗಿ ಮನೆಗೆ ಹೋಗಿದಾಳೆ ಅನ್ನು."

ವರ್ಡಾ ಅವಳ ಮುಖವನ್ನೇ ನೋಡಿದಳು.

"ಏನು ನೋಡ್ತೀಯ? ಇದನ್ನೂ ಬರ್ದು ಕೊಡ್ಬೇಕಾ?"

"ಬೇಡ" ಎಂದಳು ವರ್ಡಾ.

ಅಲ್ಲಿಂದ ನೇರ ಆಶ್ರಮಕ್ಕೆ ಹೋದೆವು. ಅಗಾಥಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ವರ್ಡಾ ಅವರನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟಳು.

"ಓನಾ ಎಲ್ಲಿ?"

"ತಂಗಿ ಮನೆಗೆ ಹೋಗಿದಾಳೆ ಅಮ್ಮ." ಎಷ್ಟು ಸಣ್ಣ ಸುಳ್ಳು! ಆದರೂ ಅವಳ ಕುತ್ತಿಗೆಯ ನರ ಉಬ್ಬಿದ್ದು ಬಾಗಿಲಲ್ಲಿ ನಿಂತ ನನಗೆ ಕಂಡಿತು.

ಮುದುಕಿ ಎಡಗೈಯಿಂದ ಮಗಳ ತೋಳು ಹಿಡಿದರು. "ನಂಗೊಂದು ಮಾತು ಹೇಳದೆ ಹೋದ್ಲಾ? ಅವಳು ಅಂಥೋಳಲ್ಲ."

"ಹೇಳಿದ್ಲು ಅಮ್ಮ" ಎಂದಳು ವರ್ಡಾ. "ನನ್ ಹತ್ರ ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."