ತಲೆಗಳಿಗೆ ಬೀಗ

ನಮ್ಮ ಮೇಲಿನ ಮನೆಯಲ್ಲಿ ವಿಗ್ ಕಟ್ಟುವ ಹೆಂಗಸೊಬ್ಬಳಿದ್ದಾಳೆ. ಬಲೆಯಂಥ ಟೋಪಿಗೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಗಂಟು ಹಾಕುವ ಕೆಲಸ. ಒಂದು ತಲೆಗೆ ನಲವತ್ತು ಸಾವಿರ ಗಂಟು. ಅಷ್ಟು ತಾಳ್ಮೆಯವಳಿಗೆ ಸಿಟ್ಟು ಬಂದರೆ ಏನಾಗುತ್ತದೆಂದು ಕೆಳಗಿನ ಮನೆಯವನಾದ ನನ್ನನ್ನು ಕೇಳಿ. ಅವಳಿಗೆ ಸಿಟ್ಟು ಬಂದ ಆ ಒಂದು ದಿನ ನನ್ನ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬಂತು. ಸುಳ್ಳಾದರೆ ನನ್ನ ತಲೆಯಲ್ಲಿ ಉಳಿದಿರುವ ಹದಿನಾಲ್ಕು ಕೂದಲೂ ಉದುರಲಿ.

ಅವಳ ಗಿರಾಕಿಗಳು ಮೆಟ್ಟಿಲನ್ನು ಕಳ್ಳರಂತೆ ಹತ್ತುತ್ತಾರೆ. ಒಳಗೆ ಹೋಗಿ ಬಾಗಿಲು ಹಾಕಿ, ತಲೆಯ ಮೇಲಿನದನ್ನು ತೆಗೆದಿಟ್ಟು ಕೂರುತ್ತಾರೆ. ಅವಳು ಕಿವಿಯಿಂದ ಕಿವಿಗೆ, ಹಣೆಯಿಂದ ಹೆಡತಲೆಗೆ ಟೇಪು ಹಿಡಿದು, ನಾಲ್ಕೂ ಕಡೆಯಿಂದ ಬರಿ ತಲೆಯ ಫೋಟೋ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್ ಮಾಡಿಡುತ್ತಾಳೆ. ಕಟ್ಟಿಕೊಂಡ ಗಂಡನಿಗೂ ಅವುಗಳನ್ನು ತೋರಿಸಿದವಳಲ್ಲ.

ಕಂಪ್ಯೂಟರಿಗೆ ಪಾಸ್‌ವರ್ಡ್ ಇತ್ತು. ಎಲ್ಲಿತ್ತು? ಪರದೆಯ ಕೆಳಗೇ, ಚೀಟಿಯ ಮೇಲೆ, ಗೋಂದು ಹಚ್ಚಿ ಅಂಟಿಸಿತ್ತು. ಅಂಟಿಸಿದವರು ಅತ್ತೆ. "ಮನೆಯವರ ಹತ್ರ ಏನಮ್ಮ ಮುಚ್ಚುಮರೆ? ಬೀಗ ಹಾಕೋಕೆ ನಾವೇನು ಕಳ್ಳರಾ?" ಎಂದಿದ್ದರು. ಆ ಮನೆಯಲ್ಲಿ ಬಚ್ಚಲಿಗೆ ಚಿಲಕ ಇರುವುದೇ ದೊಡ್ಡ ಪುಣ್ಯ.

ಗಂಡನ ಅಣ್ಣ, ಅಂದರೆ ಅವಳ ಭಾವ, ನಿವೃತ್ತರಾದ ಮೇಲೆ ಆ ಕಂಪ್ಯೂಟರಿಗೆ ಉಡದಂತೆ ಅಂಟಿಕೊಂಡವರು. ಒಂದು ದಿನ ವಾಕಿಂಗ್ ಗೆಳೆಯರಿಬ್ಬರು ಬಂದಿದ್ದಾಗ, ಶಾಲೆಯ ಟೀಚರೊಬ್ಬರ ಫೋಲ್ಡರ್ ತೆರೆದು ತೋರಿಸಿ ನಗಿಸಿಬಿಟ್ಟರು. ಕಾಯಿಲೆಯಲ್ಲಿ ಕೂದಲೆಲ್ಲ ಹೋಗಿ, ಆರು ವರ್ಷದಿಂದ ವಿಗ್ಗಿನಲ್ಲೇ ಪಾಠ ಹೇಳುತ್ತಿದ್ದ ಹೆಣ್ಣುಮಗಳು. ನಕ್ಕವರಲ್ಲಿ ಒಬ್ಬನ ಮೊಮ್ಮಗಳು ಓದುವುದು ಆ ಟೀಚರ್ ತರಗತಿಯಲ್ಲೇ. ಬೆಳಕಿಗಿಂತ ವೇಗವಾದದ್ದು ಇಲ್ಲ ಎನ್ನುವವರು ನಮ್ಮ ಬೀದಿಯ ಬಾಯಿ ಕಂಡಿಲ್ಲ. ಮರುದಿನವೇ ಆ ಮಗು ಎದ್ದು ನಿಂತು ಕೇಳಿತು: "ಮಿಸ್, ನೀವು ಮನೇಲಿ ಕೂದಲು ಬಿಚ್ಚಿಡ್ತೀರಂತೆ, ಹೌದಾ?"

ಶಾಲೆ ಬಿಟ್ಟೊಡನೆ ಟೀಚರ್ ನೇರ ಇಲ್ಲಿಗೆ ಬಂದರು. ಒಂದೊಂದು ಹೆಜ್ಜೆಗೂ ನನ್ನ ಗೋಡೆಯ ಸುಣ್ಣ ಬುಟ್ಟಿಗಟ್ಟಲೆ ಉದುರಿತು. ಜಗಳ ಬಿಡಿಸುವ ನೆಪದಲ್ಲಿ ನಾನೂ ಹತ್ತಿ ಬಾಗಿಲಲ್ಲಿ ನಿಂತೆ.

"ನನ್ನ ತಲೆ ಯಾರ್ಯಾರು ನೋಡಿದ್ರು?"

ಮಗು ಕೇಳಿದ್ದನ್ನೂ ಅದರ ತಾತ ಇದೇ ಮನೆಯಲ್ಲಿ ಫೋಟೋ ನೋಡಿದ್ದನ್ನೂ ಟೀಚರ್ ಹೇಳಿದಾಗ ವಿಗ್ಗಿನವಳ ಮುಖ ಕೆಂಡವಾಯಿತು. ಮದುವೆಯಾದ ಹನ್ನೆರಡು ವರ್ಷದಲ್ಲಿ ಭಾವನ ಎದುರು ದನಿ ಎತ್ತಿದವಳಲ್ಲ. "ಭಾವ, ನೀವೇ ಹೇಳಿ."

"ಅಯ್ಯೋ, ತಮಾಷೆಗಮ್ಮ. ಬಂದಿದ್ದೋರು ನಮ್ಮವರೇ. ತಲೆ ತಾನೇ, ಬೇರೇನೂ ಅಲ್ವಲ್ಲ!"

"ಅವರ ತಲೆ ತೋರಿಸೋಕೆ ನೀವ್ಯಾರು? ನಿಮ್ಮ ಮೂರೆಳೆ ಕೂದಲನ್ನ ಎಡಗಿವಿಯಿಂದ ಬಲಗಿವಿಗೆ ಎಳೆದು ಕೂರಿಸೋಕೆ ದಿನಾ ಅರ್ಧ ಗಂಟೆ ಬಚ್ಚಲು ಹಿಡೀತೀರಲ್ಲ, ಯಾವತ್ತಾದ್ರೂ ಯಾರ ಹತ್ರಾನಾದ್ರೂ ಆಡಿಕೊಂಡಿದ್ದೀನಾ ನಾನು?"

ಭಾವನ ಕೈ ತಾನಾಗಿ ನೆತ್ತಿಗೆ ಹೋಯಿತು.

"ದೊಡ್ಡವರ ಮುಂದೆ ಇದೇನೇ ಮಾತು!" ಅಡುಗೆಮನೆಯಿಂದ ಅತ್ತೆ ಬಂದರು.

"ದೊಡ್ಡವರು ಮಾಡೋ ಕೆಲಸಾನಾ ಅತ್ತೆ ಇದು?" ಎಂದವಳೇ ಚೀಟಿಯನ್ನು ಪರಪರ ಕಿತ್ತು ಚೂರು ಮಾಡಿದಳು.

"ಅಳಿಸಿ. ನನ್ನ ಕಣ್ಣೆದುರೇ," ಎಂದರು ಟೀಚರ್.

ಅವಳು ಮೌಸ್ ಹಿಡಿದಳು, ತಡೆದಳು. "ಅಳಿಸ್ತೀನಿ. ಆದ್ರೆ ಮುಂದಿನ ವಿಗ್ಗಿಗೆ ನೀವು ಮತ್ತೆ ಇದೇ ಮನೇಲಿ ವಿಗ್ ಬಿಚ್ಚಿ ಅಳತೆಗೆ, ಫೋಟೋಗೆ ಕೂರಬೇಕು. ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ಈ ಫೋಲ್ಡರಿಗೇ ಬೇರೆ ಪಾಸ್‌ವರ್ಡ್ ಹಾಕಬಹುದು. ನೀವೇ ಒತ್ತಿ, ನನಗೂ ಹೇಳಬೇಡಿ. ನೀವು ಬಂದಾಗಷ್ಟೇ ತೆಗೆಯೋದು."

"ನಾನು ಮರೆತ್ರೆ?"

"ಮರೆತ್ರೆ ಅದು ಯಾರ ಕೈಗೂ ಸಿಗಲ್ಲ. ನನ್ನ ಕೈಗೂ."

ಟೀಚರ್ ಕುರ್ಚಿ ಎಳೆದು ಕೂತರು. "ಎಲ್ಲರೂ ಗೋಡೆ ಕಡೆ ತಿರುಗಿ."

ವಿಗ್ಗಿನವಳು ತಿರುಗಿದಳು. ಅತ್ತೆ ಗೊಣಗುತ್ತ ತಿರುಗಿದರು. ಸಂಬಂಧವೇ ಇಲ್ಲದ ನಾನೂ ತಿರುಗಿದೆ. ಭಾವ ಮಾತ್ರ ಪರದೆಯ ಕಡೆಗೇ ಮುಖ ಮಾಡಿ ನಿಂತಿದ್ದರು.

"ನಿಮಗೇ ಹೇಳಿದ್ದು."

ಅರವತ್ತೆರಡು ವರ್ಷದ ಗಂಡಸು ಗೋಡೆಗೆ ಮೂಗು ತಾಗಿಸಿ ನಿಂತರು. ಕೀಲಿಗಳ ಟಕಟಕ ಮುಗಿಯುವುದರೊಳಗೆ ನನ್ನ ಕಾಲಿಗೆ ಬೇರು ಬಂತು.

"ನನ್ನನ್ನ ಕ್ಷಮಿಸಿ," ಎಂದಳು ವಿಗ್ಗಿನವಳು, ಗೋಡೆ ನೋಡುತ್ತಲೇ.

"ಅದು ಆಮೇಲಿನ ಮಾತು. ನಾಳೆ ಆ ಮಗು ಎದುರು ನಿಲ್ಲಬೇಕು ನಾನು." ಟೀಚರ್ ಇಳಿದು ಹೋದರು.

ಆ ವಾರವೇ ಅವಳು ಒಬ್ಬೊಬ್ಬ ಗಿರಾಕಿಯನ್ನೂ ಕರೆದು ಕೂರಿಸಿ ಅವರವರ ಬೀಗ ಹಾಕಿಸಿದಳು. ಮೂವತ್ತೊಂದು ತಲೆ, ಒಂದರ ಕೀಲಿಯೂ ಅವಳ ಬಳಿ ಇಲ್ಲ. ಅತ್ತೆ ಹದಿನೈದು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಸೊಸೆ ಭಾವನಿಗೆ ಇಂದಿಗೂ ತಟ್ಟೆ ಕುಕ್ಕುತ್ತಾಳೆಯೇ ಹೊರತು ಮಾತಾಡುವುದಿಲ್ಲ. ಆ ಸದ್ದಿಗೇ ನನಗೆ ಊಟದ ಹೊತ್ತು ಗೊತ್ತಾಗುವುದು.

ಮೊನ್ನೆ ಬೀದಿಯಲ್ಲಿ ಟೀಚರನ್ನು ಕಂಡೆ. ವಿಗ್ ಸವೆದು ಬೈತಲೆಯ ಹತ್ತಿರ ಬಲೆ ಕಾಣುತ್ತಿತ್ತು. ಹೊಸದಕ್ಕೆ ಅವರು ಇನ್ನೂ ಬಂದಿಲ್ಲ.