ತಂಗಿಯ ‘ಬಾಯಿ’

ಪ್ಲೇಗಿನಲ್ಲಿ ಅವ್ವ ಹೋದ ಮೇಲೆ ತಂಗಿಯನ್ನು ನೋಡಿಕೊಳ್ಳುವವರು ಇರಲಿಲ್ಲ. ಆರು ವರ್ಷವಾದರೂ ಅವಳ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಆಡುತ್ತಿದ್ದದ್ದು ನಾಲ್ಕೈದು ಮಾತು, ಮರಾಠಿ ಊರಿನಲ್ಲಿದ್ದರೂ ಅವೂ ಮನೆಯ ಕನ್ನಡವೇ. ನನಗಾಗ ಹನ್ನೆರಡು, ಮದುವೆ ಗೊತ್ತಾಗಿತ್ತು.

“ನೀ ಅತ್ತೀಮನಿಗೆ ಹೋದ ಮ್ಯಾಲೆ ಇಕಿಗೆ ತುತ್ತು ಇಡಾವ್ರು ಯಾರವ್ವಾ?” ಎಂದು ಅಪ್ಪ ಅವಳನ್ನು ಟಾಂಗಾದಲ್ಲಿ ಕೂರಿಸಿದರು. ಸದಾಶಿವ ಪೇಠದ ನಮ್ಮ ವಾಡೆಯ ಮನೆಯಿಂದ ಊರ ಹೊರಗಿನ ಆಶ್ರಮಕ್ಕೆ ಹೋದೆವು.

ಅಲ್ಲಿ ಕುರುಡರು, ಕುಂಟರು, ಯಾರೋ ಬಾಗಿಲಲ್ಲಿಟ್ಟು ಹೋದ ಕೂಸುಗಳು. ಎಲ್ಲರನ್ನೂ ಸಾಕುತ್ತಿದ್ದವರು ಒಬ್ಬ ಮರಾಠಿ ವಿಧವೆ. ನಾವು ಅಮ್ಮ ಅನ್ನುವ ಹಾಗೆ ಮಕ್ಕಳು ಅವರನ್ನು ಮರಾಠಿಯಲ್ಲಿ ‘ಬಾಯಿ’ ಎಂದು ಕರೆಯುತ್ತಿದ್ದರು.

ತಿಂಗಳಿಗೊಮ್ಮೆ ನೋಡಲು ಬಿಡುತ್ತಿದ್ದರು. ಅಪ್ಪನ ಜೊತೆ ಎರಡನೆಯ ಸಲ ಹೋದಾಗ ಬಾಯಿ ಬಾಗಿಲಿಗೇ ಓಡಿ ಬಂದರು. “ನಿನ್ನ ತಂಗಿ ನನ್ನನ್ನು ಕರೆಯಲು ಕಲಿತಳು! ಎಂಟು ದಿನದಿಂದ ‘ಬಾಯಿ, ಬಾಯಿ’ ಅದೊಂದೇ ಜಪ. ಊಟಕ್ಕೆ ಮಾತ್ರ ಭಾರೀ ಹಟ.”

ತಂಗಿ ನನ್ನನ್ನು ಕಂಡು “ಅಕ್ಕಾ, ಬಾಯಿ” ಎಂದು ಅತ್ತಳು. ಬೆರಳಿಟ್ಟು ಬಾಯಿ ತೆರೆಸಿದೆ. ಹಿಂದಿನ ಹಲ್ಲು ಹುಳುಕಾಗಿ ವಸಡು ಕೀವು ತುಂಬಿತ್ತು.

ನಮ್ಮ ಮಾತಿನಲ್ಲಿ ಬಾಯಿ ಎಂದರೇನೆಂದು ಮರಾಠಿಯಲ್ಲಿ ಹೇಳಿದೆ. ಅವರು ತಂಗಿಯ ಗಲ್ಲ ಹಿಡಿದು ಬಾಯೊಳಗೆ ನೋಡಿದರು. “ಪ್ರತಿ ಸಲ ‘ಓ ಬಾಳಾ, ಓ ಕೂಸೇ, ಇಲ್ಲೇ ಇದ್ದೇನೆ’ ಅಂದೆನಲ್ಲ, ಮಗಳೇ.”

“ಮನಿಗೆ ಕರಕೊಂಡು ಹೋಗೂಣ್ರಿ” ಎಂದೆ. ಅಪ್ಪ ಡಾಕ್ಟರನ್ನು ಕರೆಯಲು ಹೊರಟರು.

ಅವತ್ತೇ ಡಾಕ್ಟರು ಬಂದು ಹಲ್ಲು ಕಿತ್ತರು. ಬಾಯಿ ನನ್ನಿಂದ ಕನ್ನಡ ಮಾತುಗಳನ್ನು ಕೇಳಿ ತಂಗಿಯ ತಲೆದೆಸೆಯ ಗೋಡೆಗೆ ಮರಾಠಿ ಅಕ್ಷರದಲ್ಲಿ ಇದ್ದಲಿನಿಂದ ಬರೆದುಕೊಂಡರು: ನೀರು, ನೋವು, ಸಾಕು. ಹಸಿವು ಅವರ ನಾಲಿಗೆಯಲ್ಲಿ ‘ಹಸೂ’ ಆಯಿತು. “ನಮ್ಮಲ್ಲಿ ಹಸೂ ಅಂದರೆ ನಗು. ನಿಮ್ಮವರು ಹಸಿದಾಗ ನಗುತ್ತಾರೇನು?” ಅಂದರು. ತಂಗಿಯೂ ನಕ್ಕಳು. ಬರಬರುತ್ತ ಮೈ ಕೈ ತುಂಬಿಕೊಂಡಳು. ಮನೆಗೆ ಕರೆದುಕೊಂಡು ಹೋಗೋಣ ಎನ್ನುವುದನ್ನು ನಾನು ಬಿಟ್ಟೆ.

ಮರುವರ್ಷದ ಚಳಿಗಾಲದಲ್ಲಿ ತಂಗಿಗೆ ಜ್ವರ ಬಂತು. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ತಂಗಿಯ ಮೈಮೇಲೆ ಬಿಳಿ ದುಪ್ಪಟಿ ಹೊದಿಸಿದ್ದರು.

ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. “ಬೆಳಗಾಗುವಾಗ ‘ಬಾಯಿ’ ಅಂದಳು. ನಾನು ಓ ಅನ್ನಲಿಲ್ಲ. ದೀಪ ತಂದು ಬಾಯೊಳಗೆಲ್ಲ ನೋಡಿದೆ, ಹುಣ್ಣಿರಲಿಲ್ಲ, ಊದಿರಲಿಲ್ಲ. ನೋಡುತ್ತಿರುವಾಗಲೇ ಹೋದಳು. ಏನು ಹೇಳಿದಳು ಅವಳು? ನಿನಗೆ ಗೊತ್ತಾಗುತ್ತದೆ, ಹೇಳು.”

ನನಗೂ ಗೊತ್ತಿರಲಿಲ್ಲ. ಇವತ್ತಿಗೂ ಇಲ್ಲ.

“ನಿಮ್ಮನ್ನೇ ಕರೆದಳು” ಎಂದೆ.

ಅವರು ಹಾಸಿಗೆಯ ಕಡೆ ತಿರುಗಿ, “ಓ ಬಾಳಾ” ಅಂದರು.